ಮಲೆನಾಡಿನ ರೈಫಲ್‌ಗೆ ಯಾವ ತೋಟೆ? ಕೊಳ್ಳುವ ಮುಂಚೆ ತೂಗಿ ನೋಡಬೇಕಾದ್ದು

ಮೂಡಿಗೆರೆ, ಆಲ್ದೂರು, ಸಕಲೇಶಪುರ ಕಡೆಯ ಗೆಳೆಯರು ಕೋವಿಯ ವಿಷಯ ಎತ್ತಿದರೆ ಮಾತು ಕೊನೆಗೆ ಬಂದು ನಿಲ್ಲುವುದು ತೋಟೆಯ, ಅಂದರೆ ಕೋವಿಗೆ ತುಂಬುವ ಕಾರ್ಟ್ರಿಜ್‌ನ ಹತ್ತಿರ. ಅಪ್ಪನ ಕಾಲದ .22 ಬ್ರನೋ ರೈಫಲ್ ಮನೆಯಲ್ಲಿದೆ, ಅಂಗಡಿಯವರು ನಾಲ್ಕು ಥರದ ಪೆಟ್ಟಿಗೆ ಮುಂದಿಡುತ್ತಾರೆ, ಯಾವುದು ತಗೊಳ್ಳಲಿ ಎನ್ನುವವರು ಒಂದು ಕಡೆ. ತೋಟ ಕಾಯಲು .315 ಇಟ್ಟುಕೊಂಡು, ಬೀರುವಿನಲ್ಲಿರುವ ಹಳೆ ತೋಟೆಯನ್ನೇ ಬಳಸಲೋ ಹೊಸದು ತರಲೋ ಎಂದು ಅನುಮಾನಿಸುವವರು ಇನ್ನೊಂದು ಕಡೆ. ಈಚೆಗೆ ಮೂರನೆಯವರೂ ಸೇರಿಕೊಂಡಿದ್ದಾರೆ. ಕಾಲೇಜಿನ ಎನ್‌ಸಿಸಿಯಲ್ಲಿ .22 ಹಿಡಿದು ಬಂದ ಮಗಳಿಗೆ ಶೂಟಿಂಗ್ ರುಚಿ ಹತ್ತಿದೆ, ಏರ್ ರೈಫಲ್‌ಗೆ ಯಾವ ಪೆಲೆಟ್ ಕೊಡಿಸಬೇಕು ಎಂದು ಕೇಳುವ ಅಪ್ಪ ಅಮ್ಮಂದಿರು ಅವರು.

ಮೂವರಿಗೂ ಒಂದೇ ಉತ್ತರ ಇಲ್ಲ. ಆದರೆ ಹೆಚ್ಚಿನವರು ಮೊದಲು ಕೇಳುವುದು ಒಂದೇ ಮಾತು: "ಯಾವುದು ಜೋರು?" ಆ ಪ್ರಶ್ನೆಯಿಂದ ಶುರು ಮಾಡಿದರೆ ದಾರಿ ತಪ್ಪುತ್ತದೆ. ಗುರಿ ತಪ್ಪಿದ ಗುಂಡು ಎಲ್ಲಿ ಹೋಗಿ ನಿಲ್ಲುತ್ತದೆ ಎಂದು ಮೊದಲು ಕೇಳಿಕೊಳ್ಳಬೇಕು. ನಮ್ಮ ನೆಲ ಹಾಗಿದೆ. ಕಾಫಿ ಗಿಡಗಳ ನಡುವೆ ಯಾರು ಬಗ್ಗಿ ಚಿಗುರು ತೆಗೆಯುತ್ತಿದ್ದಾರೆ ಎಂದು ಹತ್ತು ಮಾರು ದೂರದಿಂದ ಕಾಣುವುದಿಲ್ಲ. ಇಳಿಜಾರಿನ ಕೆಳಗೆ ಕೂಲಿಯವರ ಸಾಲುಮನೆ, ಅಂದರೆ ಲೈನ್‌ಮನೆ, ಅದರಾಚೆ ರಸ್ತೆ, ರಸ್ತೆಯಾಚೆ ಮತ್ತೊಬ್ಬರ ತೋಟ. ಬಯಲುಸೀಮೆಯ ತೆರೆದ ಹೊಲಕ್ಕೆ ಹೊಂದುವ ಲೆಕ್ಕ ಇಲ್ಲಿ ಹೊಂದುವುದಿಲ್ಲ.

ನಾನು ತೂಗುವ ಕ್ರಮ ಹೀಗಿದೆ: ಲೈಸೆನ್ಸ್ ಏನು ಹೇಳುತ್ತದೆ, ನಳಿಗೆಯ ಮೇಲೆ ಏನು ಕೊರೆದಿದೆ, ಗುಂಡು ಎಲ್ಲಿ ನಿಲ್ಲುತ್ತದೆ, ತೋಟೆಯ ಆರೋಗ್ಯ ಹೇಗಿದೆ, ಒಂದರ ಹಾಗೆ ಇನ್ನೊಂದು ಹೋಗುತ್ತದೆಯೇ, ಕೊನೆಗೆ ಬೆಲೆ. ಮೊದಲ ಎರಡರಲ್ಲಿ ಚೌಕಾಸಿಗೆ ಜಾಗವೇ ಇಲ್ಲ. ಉಳಿದ ನಾಲ್ಕರಲ್ಲಿ ನಿಮ್ಮ ಅಗತ್ಯ ನೋಡಿಕೊಂಡು ಹೆಚ್ಚುಕಡಿಮೆ ಮಾಡಿಕೊಳ್ಳಬಹುದು.

ಲೈಸೆನ್ಸ್ ಪುಸ್ತಕ

ಶಸ್ತ್ರಾಸ್ತ್ರ ಕಾಯ್ದೆ 1959ರದ್ದು, ಈಗ ನಡೆಯುತ್ತಿರುವ ನಿಯಮಗಳು 2016ರವು. ಪುಸ್ತಕದಲ್ಲಿ ಯಾವ ಬೋರ್ (ನಳಿಗೆಯ ಒಳಅಳತೆ, .22, .315 ಎನ್ನುವುದು ಅದೇ) ಬರೆದಿದೆಯೋ ಆ ಬೋರಿನ ತೋಟೆ ಮಾತ್ರ, ಅಲ್ಲಿ ನಮೂದಾದಷ್ಟು ಮಾತ್ರ, ಪರವಾನಗಿ ಇರುವ ವ್ಯಾಪಾರಿಯಿಂದ ಮಾತ್ರ ಕೊಳ್ಳಬೇಕು. ಒಂದು ಸಲಕ್ಕೆ ಮನೆಯಲ್ಲಿ ಎಷ್ಟು ಇರಬಹುದು ಎನ್ನುವುದೂ ವರ್ಷಕ್ಕೆ ಎಷ್ಟು ಕೊಳ್ಳಬಹುದು ಎನ್ನುವುದೂ ಬೇರೆ ಬೇರೆ ಲೆಕ್ಕ. ಅಂಗಡಿಗೆ ಹೋಗುವ ಮುಂಚೆ ಎರಡನ್ನೂ ಓದಿಕೊಳ್ಳಿ, ಕೊಂಡ ಮೇಲೆ ನಮೂದು ಮಾಡಿಸಿಕೊಂಡೇ ಹೊರಡಿ. ಲೈಸೆನ್ಸ್ ಯಾವ ಉದ್ದೇಶಕ್ಕೆ ಕೊಟ್ಟಿದ್ದು ಎನ್ನುವುದನ್ನೂ ನೋಡಿ. ಬೆಳೆ ರಕ್ಷಣೆಗೆ, ಆತ್ಮರಕ್ಷಣೆಗೆ, ಕ್ರೀಡೆಗೆ ಎಂದು ಬರೆದಿರುವ ಲೈಸೆನ್ಸ್‌ಗಳು ಒಂದೇ ಅಲ್ಲ, ತೋಟೆಯ ಆಯ್ಕೆಯೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ.

ಗಡಿಯಾಚೆ ನೆಂಟಸ್ತಿಕೆ ಇರುವ ಮನೆಗಳಿಗೆ ಒಂದು ಎಚ್ಚರಿಕೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಎಂಬ ಅಲ್ಲಿನ ಪಾರಂಪರಿಕ ಭೂಮಿಯ ಹಿಡುವಳಿದಾರರಿಗೂ ಲೈಸೆನ್ಸ್‌ನಿಂದ ವಿನಾಯಿತಿ ಇದೆ, ಕೇಂದ್ರ ಸರ್ಕಾರ 2019ರಲ್ಲಿ ಅದನ್ನು ಇನ್ನೂ ಹತ್ತು ವರ್ಷ ಮುಂದುವರಿಸಿತು. ಹಾಸನ, ಚಿಕ್ಕಮಗಳೂರಿನ ನಮಗೆ ಅದಿಲ್ಲ. ಸೋಮವಾರಪೇಟೆಯ ಭಾವ ಪ್ರೀತಿಯಿಂದ ಕೊಟ್ಟರು ಎಂದು ಒಂದು ಪೆಟ್ಟಿಗೆ ತೋಟೆ ಜೀಪಿನಲ್ಲಿ ಹಾಕಿಕೊಂಡು ಯಸಳೂರಿಗೆ ಬಂದರೆ ಅದು ಅಪರಾಧ. ಲೈಸೆನ್ಸ್ ಇರುವ ಇಬ್ಬರು ನೆರೆಯವರ ನಡುವೆ ಕೈಗಡ ಕೊಡುವುದಕ್ಕೂ ಇದೇ ಮಾತು.

2019ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ಮೂರನೆಯದನ್ನು ಒಪ್ಪಿಸಿ ಬಂದ ಎಷ್ಟೋ ಮನೆಗಳಲ್ಲಿ ಅದರ ತೋಟೆ ಮಾತ್ರ ಬೀರುವಿನ ಮೂಲೆಯಲ್ಲೇ ಉಳಿದಿದೆ. ಕೋವಿ ಇಲ್ಲದ ಬೋರಿನ ತೋಟೆ ಮನೆಯಲ್ಲಿರುವುದು ತಪ್ಪು. ಜತೆಗೆ ಅಪಾಯವೂ ಹೌದು, ಏಕೆಂದರೆ ಇನ್ನೊಂದು ದಿನ ಯಾರೋ ಅದನ್ನು ಬೇರೆ ಕೋವಿಗೆ ಹಾಕಿ ನೋಡುತ್ತಾರೆ.

ನಳಿಗೆಯ ಮೇಲಿನ ಅಕ್ಷರ, ತೋಟೆಯ ಬುಡದ ಅಕ್ಷರ

ತೋಟೆ ಒಳಗೆ ಹೋಯಿತು, ಬೋಲ್ಟು (ನಳಿಗೆಯ ಹಿಂಬಾಗಿಲು) ಮುಚ್ಚಿತು ಎಂದರೆ ಸರಿಯಾದ ತೋಟೆ ಎಂದು ಅರ್ಥವಲ್ಲ. ನಳಿಗೆಯ ಮೇಲೆ ಅಥವಾ ಅದು ಕೂರುವ ರಿಸೀವರ್ ಮೇಲೆ ಕೊರೆದಿರುವುದನ್ನು ಓದಿ, ಪೆಟ್ಟಿಗೆ ಓದಿ, ಆಮೇಲೆ ತೋಟೆಯ ಬುಡದ ಮುದ್ರೆ ಓದಿ. ಮೂರೂ ಒಂದೇ ಹೇಳಬೇಕು. ಓದಲು ಆಗದಷ್ಟು ಸವೆದಿದ್ದರೆ ಬಂದೂಕು ರಿಪೇರಿಯ ಪರವಾನಗಿ ಇರುವವರ ಹತ್ತಿರ ಅಳೆಸದೆ ಒಂದು ತೋಟೆಯನ್ನೂ ಹಾಕಬೇಡಿ.

.22ರಲ್ಲಿ ಎಡವುವುದು ಎಲ್‌ಆರ್ ಮತ್ತು ಮ್ಯಾಗ್ನಮ್ ನಡುವೆ. ಎಲ್‌ಆರ್ ಅಂದರೆ ಲಾಂಗ್ ರೈಫಲ್, ನಮ್ಮಲ್ಲಿ ಬಹುಪಾಲು .22ಗಳಿಗೆ ಬೇಕಾದ್ದು ಅದು. ಮ್ಯಾಗ್ನಮ್ ತೋಟೆ ಉದ್ದ ಮಾತ್ರವಲ್ಲ, ದಪ್ಪವೂ ಹೆಚ್ಚು. ಎಲ್‌ಆರ್ ಕೋವಿಗೆ ಅದು ಕೂರುವುದೇ ಇಲ್ಲ, ಬಲವಂತ ಮಾಡಬಾರದು. ತಿರುಗುಮುರುಗಾದರೆ ಇನ್ನೂ ಕೆಟ್ಟದ್ದು. ಮ್ಯಾಗ್ನಮ್ ಚೇಂಬರ್‌ಗೆ (ತೋಟೆ ಕೂರುವ ಗೂಡಿಗೆ) ಎಲ್‌ಆರ್ ಸಡಿಲವಾಗಿ ಕೂರುತ್ತದೆ, ಸಿಡಿಸಿದಾಗ ಹಿತ್ತಾಳೆ ಕೋಶ ಸೀಳಿ ಬಿಸಿ ಅನಿಲ ಹಿಂದಕ್ಕೆ, ಕಣ್ಣಿನ ಕಡೆಗೆ ಬರಬಹುದು.

.315ರ ಕತೆ ಬೇರೆ. ನಮ್ಮ ದೇಶದಲ್ಲಿ .303 ಸೇನೆಯ ಬೋರ್, ನಾಗರಿಕರಿಗೆ ನಿಷಿದ್ಧ. ಹಾಗಾಗಿ ಬಂಗಾಳದ ಇಶಾಪುರದ ಸರ್ಕಾರಿ ಕಾರ್ಖಾನೆ .303ರ ಲೀ ಎನ್‌ಫೀಲ್ಡ್ ಮಾದರಿಯ ಮೈಕಟ್ಟಿನಲ್ಲೇ .315 ಮಾಡಿ ಕೊಟ್ಟಿತು. ಎರಡೂ ಕೋವಿ ಮೇಲ್ನೋಟಕ್ಕೆ ಒಂದೇ ಥರ ಕಾಣುವುದರಿಂದ ಹಳೆ ಪೆಟ್ಟಿಗೆಯಲ್ಲಿ ಸಿಕ್ಕ .303 ತೋಟೆ "ಇದಕ್ಕೂ ಆಗಬಹುದು" ಎಂದುಕೊಳ್ಳುವವರಿದ್ದಾರೆ. ಆಗುವುದಿಲ್ಲ. ಇನ್ನೊಂದು ಗೊಂದಲ ಹೆಸರಿನದು. .315 ತೋಟೆಯನ್ನು 8 ಎಂಎಂ ಎಂದೂ ಕರೆಯುತ್ತಾರೆ. ಜರ್ಮನಿಯ ಮೌಸರ್ ತೋಟೆಗೂ 8 ಎಂಎಂ ಎನ್ನುವ ಹೆಸರೇ ಇದೆ, ಆದರೆ ಅದರ ಕೋಶದ ಆಕಾರವೂ ಒತ್ತಡವೂ ಬೇರೆ. ಬರೀ 8 ಎಂಎಂ ಎಂದು ಬಾಯಲ್ಲಿ ಹೇಳಿ ತರಿಸಬೇಡಿ, .315 ಎಂದು ಬರೆದುಕೊಡಿ.

ರೈಫಲ್ ಜತೆ ಜೋಡಿ ನಳಿಗೆಯ ಹನ್ನೆರಡು ಬೋರ್ ಕೂಡ ಇರುವ ಮನೆಗಳೇ ನಮ್ಮಲ್ಲಿ ಜಾಸ್ತಿ, ಆದ್ದರಿಂದ ಇದನ್ನು ಹೇಳದೆ ಮುಂದೆ ಹೋಗಲಾರೆ. ಇಪ್ಪತ್ತು ಬೋರಿನ ತೋಟೆ (ಸಂಖ್ಯೆ ದೊಡ್ಡದಾದರೂ ದಪ್ಪ ಕಡಿಮೆ) ಹನ್ನೆರಡರ ನಳಿಗೆಯೊಳಗೆ ಜಾರಿ, ಸ್ವಲ್ಪ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದರೆ ಚೇಂಬರ್ ಖಾಲಿ. "ಹಾಕಲಿಲ್ಲವೇನೋ" ಎಂದು ಹನ್ನೆರಡರ ತೋಟೆ ಹಾಕಿ ಹೊಡೆದರೆ ಮುಂದಿನದೂ ಸಿಡಿದು ನಳಿಗೆ ಎಡಗೈ ಇರುವ ಜಾಗದಲ್ಲೇ ಒಡೆಯುತ್ತದೆ. ಇಪ್ಪತ್ತರ ತೋಟೆಗೆ ಹಳದಿ ಬಣ್ಣ ಕೊಡುವ ರೂಢಿ ಬಂದಿರುವುದು ಇದಕ್ಕೇ. ಎರಡೂ ಬೋರ್ ಇರುವ ಮನೆಯಲ್ಲಿ ತೋಟೆಗಳು ಒಂದೇ ಡಬ್ಬದಲ್ಲಿ ಇರಕೂಡದು.

ಗುಂಡು ಎಲ್ಲಿ ನಿಲ್ಲುತ್ತದೆ

ಅಂದಾಜು ಸಿಗಲಿ ಎಂದು ಕೆಲವು ಅಂಕಿ. ಸ್ಪರ್ಧೆಯ ಏರ್ ರೈಫಲ್ ಪೆಲೆಟ್ ಹೊರಬೀಳುವಾಗ ಅದರಲ್ಲಿರುವ ಶಕ್ತಿ 7 ಜೌಲ್ ಆಸುಪಾಸು. ಲೈಸೆನ್ಸ್ ಬೇಡದ ಏರ್ ಗನ್‌ಗೆ ಇರುವ ಮಿತಿ 20 ಜೌಲ್ ಮತ್ತು .177 ಬೋರ್. ಸಾಧಾರಣ .22 ತೋಟೆ ಸುಮಾರು 140 ಜೌಲ್. .315ರದ್ದು ಮೂರು ಸಾವಿರದ ಹತ್ತಿರ.

.22 ಅಂದರೆ ಮಕ್ಕಳಾಟದ ಕೋವಿ ಎನ್ನುವ ಮಾತು ನಮ್ಮ ಕಡೆ ಇನ್ನೂ ಓಡಾಡುತ್ತಿದೆ. ಮೇಲೆತ್ತಿ ಹೊಡೆದ .22 ಗುಂಡು ಎರಡು ಕಿಲೋಮೀಟರ್‌ವರೆಗೂ ಹೋಗಬಲ್ಲದು, ಆ ದೂರದಲ್ಲೂ ಜೀವಕ್ಕೆ ಅಪಾಯ ಮಾಡಬಲ್ಲದು. ಎರಡು ಕಿಲೋಮೀಟರ್ ಎಂದರೆ ನಿಮ್ಮ ತೋಟದ ಬೇಲಿ ದಾಟಿ, ಪಕ್ಕದ ಊರಿನ ಶಾಲೆ, ಬಸ್‌ಸ್ಟ್ಯಾಂಡ್. ದಿಬ್ಬದ ಅಂಚಿನಲ್ಲಿ ಆಕಾಶ ಹಿನ್ನೆಲೆಯಾಗಿ ಕಾಣುವ ಯಾವುದರ ಮೇಲೂ ಗುರಿ ಇಡಬಾರದು, ತೋಟೆ ಯಾವುದೇ ಇರಲಿ. ಹಿಂದೆ ಮಣ್ಣಿನ ಧರೆ ಇರಬೇಕು. ಹಾಸುಬಂಡೆಯೂ ನಾಟಿಯಾದ ಗದ್ದೆಯ ನೀರೂ ಗುಂಡನ್ನು ನಿಲ್ಲಿಸುವುದಿಲ್ಲ, ಎತ್ತಿ ಎಸೆಯುತ್ತವೆ. ನಿಧಾನ ವೇಗದ ದುಂಡು ತಲೆಯ ಸೀಸದ ಗುಂಡು ಹೀಗೆ ಚಿಮ್ಮುವುದರಲ್ಲಿ ಮುಂದು.

.22: ಅಳತೆ ಒಂದೇ, ಸ್ವಭಾವ ಬೇರೆ

ಅಂಗಡಿಯವರು ಮುಂದಿಡುವ ನಾಲ್ಕು ಪೆಟ್ಟಿಗೆಗಳಿಗೆ ಬರೋಣ. ಸ್ಟ್ಯಾಂಡರ್ಡ್ ವೆಲಾಸಿಟಿ ಎಂದು ಬರೆದಿರುವುದರಲ್ಲಿ 40 ಗ್ರೇನ್, ಅಂದರೆ 2.6 ಗ್ರಾಂ ತೂಕದ ಸೀಸದ ಗುಂಡು ಸೆಕೆಂಡಿಗೆ 325 ಮೀಟರ್ ಸುಮಾರಿಗೆ ಹೊರಡುತ್ತದೆ. ಶಬ್ದದ ವೇಗ 340ರ ಹತ್ತಿರ, ಅದರ ಕೆಳಗೇ ಉಳಿಯುವುದರಿಂದ ಹಾರಾಟದ ನಡುವೆ ಗುಂಡಿಗೆ ಕುಲುಕಾಟ ಇಲ್ಲ. ಹೈ ವೆಲಾಸಿಟಿ ಪೆಟ್ಟಿಗೆಯದು 380ರ ಸುಮಾರಿಗೆ ಹೊರಡುತ್ತದೆ, ಗುಂಡಿಗೆ ತೆಳುವಾಗಿ ತಾಮ್ರದ ಲೇಪ ಇರುವುದು ಹೆಚ್ಚು. ಅದು ಗುರಿ ಮುಟ್ಟುವುದರೊಳಗೆ ಶಬ್ದದ ವೇಗದಿಂದ ಕೆಳಗಿಳಿಯುತ್ತದೆ, ಇಳಿಯುವ ಆ ಹೊತ್ತಿನಲ್ಲಿ ಸ್ವಲ್ಪ ಅಲುಗುತ್ತದೆ. ಐವತ್ತು ಮೀಟರ್‌ನ ಕಾಗದದ ಗುರಿಗೆ ಹೊಡೆಯುವವರು ಹೈ ವೆಲಾಸಿಟಿಗೆ ದುಡ್ಡು ಕೊಡುವುದರಲ್ಲಿ ಅರ್ಥವಿಲ್ಲ. ಸೆಮಿ ಆಟೊಮ್ಯಾಟಿಕ್ .22 ಇರುವವರದು ಬೇರೆ ಲೆಕ್ಕ. ಬೋಲ್ಟು ಹಿಂದಕ್ಕೆ ಬಂದು ಮುಂದಿನ ತೋಟೆ ಎತ್ತಿಕೊಳ್ಳಲು ಸಾಕಷ್ಟು ತಳ್ಳು ಬೇಕು, ಮೆಲು ತೋಟೆಯಲ್ಲಿ ಅಂಥ ಕೋವಿಗಳು ಸಿಕ್ಕಿಕೊಳ್ಳುತ್ತವೆ. ಅವರಿಗೆ ಕೋವಿಯ ಕೈಪಿಡಿ ಹೇಳಿದ್ದೇ ಸರಿ.

ತಲೆಯಲ್ಲಿ ತೂತಿರುವ ಹಾಲೋ ಪಾಯಿಂಟ್ ಬಡಿದ ಜಾಗದಲ್ಲಿ ಅರಳುತ್ತದೆ, ಒಡೆಯುತ್ತದೆ. ಬಂಡೆಗೆ ಬಡಿದು ಚಿಮ್ಮುವ ಸಾಧ್ಯತೆ ದುಂಡು ತಲೆಯದಕ್ಕಿಂತ ಕಡಿಮೆ, ಇಲ್ಲವೇ ಇಲ್ಲ ಎಂದಲ್ಲ. ಗುರಿ ಅಭ್ಯಾಸಕ್ಕೆ ಅದರಿಂದ ಲಾಭವೇನೂ ಇಲ್ಲ. ಸಬ್‌ಸಾನಿಕ್, ಅಂದರೆ ಶಬ್ದಕ್ಕಿಂತ ನಿಧಾನ ಎಂದು ಬರೆದ ಪೆಟ್ಟಿಗೆಯನ್ನು ಸದ್ದು ಕಡಿಮೆ ಎಂಬ ಒಂದೇ ಕಾರಣಕ್ಕೆ ಕೇಳುವವರಿದ್ದಾರೆ, ಅವರಿಗೆ ನಾನು ಅದನ್ನು ಸೂಚಿಸುವುದಿಲ್ಲ. ಲೈಸೆನ್ಸ್ ಪಡೆದ ಕೋವಿಯ ಸದ್ದು ಮುಚ್ಚಿಡಬೇಕಾದ ಕೆಲಸ ಯಾವುದೂ ಇಲ್ಲ. ತೋಟ ಕಾಯುವವರಿಗಂತೂ ಸದ್ದೇ ಉಪಕಾರಿ. ಅದೇ ಸಾಲಿನಲ್ಲಿ 60 ಗ್ರೇನ್‌ನ ಭಾರದ ಗುಂಡಿನವೂ ಸಿಗುತ್ತವೆ. ಸಾಮಾನ್ಯ .22 ನಳಿಗೆಯಲ್ಲಿ ಗುಂಡನ್ನು ತಿರುಗಿಸುವ ಒಳಸುತ್ತು 16 ಇಂಚಿಗೆ ಒಂದು, ಆ ಭಾರಕ್ಕೆ ಅದು ಸಾಲುವುದಿಲ್ಲ. ಗುಂಡು ನೆಟ್ಟಗೆ ಹೋಗದೆ ಅಡ್ಡ ತಿರುಗಿ ಕಾಗದದಲ್ಲಿ ಉದ್ದುದ್ದ ತೂತು ಮಾಡುತ್ತದೆ.

ಸ್ಪರ್ಧೆಯ ಆಸೆ ಇರುವವರಿಗೆ ನಿಜವಾದ ಗೊಂದಲ ಇರುವುದು ಸ್ಟ್ಯಾಂಡರ್ಡ್ ವೆಲಾಸಿಟಿಯ ಒಳಗೇ. ನಮ್ಮ ಸರ್ಕಾರಿ ಕಾರ್ಖಾನೆಯ ತೋಟೆ ಅಗ್ಗ. ಅದರ ಮೇಲೆ ಎಲಿ ಕ್ಲಬ್, ಎಸ್‌ಕೆ ಸ್ಟ್ಯಾಂಡರ್ಡ್ ಪ್ಲಸ್‌ನಂಥವು. ತುದಿಯಲ್ಲಿ ಇಂಗ್ಲೆಂಡಿನ ಎಲಿ ಟೆನೆಕ್ಸ್, ಜರ್ಮನಿಯ ಆರ್‌ಡಬ್ಲ್ಯೂಎಸ್ ಆರ್50, ಲಾಪುವಾದ ಮೇಲ್ದರ್ಜೆಯವು. ಹೊರದೇಶದವು ಹಲವು ಪಟ್ಟು ದುಬಾರಿ, ಎಲ್ಲ ಕಾಲಕ್ಕೂ ಸಿಗುವುದಿಲ್ಲ. 2024ರ ಪ್ಯಾರಿಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದ 50 ಮೀಟರ್ ಥ್ರೀ ಪೊಸಿಷನ್ ಸ್ಪರ್ಧೆಯಲ್ಲಿ ಹತ್ತು ಅಂಕದ ವೃತ್ತ 10.4 ಮಿಲಿಮೀಟರ್. ಅಂಥ ಗುರಿಗೆ ಒಂದರ ಹಾಗೆ ಇನ್ನೊಂದು ಹೋಗುವ ತೋಟೆ ಬೇಕೇ ಬೇಕು. ಆದರೆ ಕೈ ಇನ್ನೂ ಕೂರದ ಮೊದಲ ವರ್ಷದವರಿಗೆ ಆ ದುಡ್ಡಿನ ಫಲ ಕಾಣುವುದಿಲ್ಲ. ಅಗ್ಗದ ತೋಟೆಯಲ್ಲಿ ಹೆಚ್ಚು ಅಭ್ಯಾಸ ಮಾಡುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಮಧ್ಯದ ದರ್ಜೆಗೆ ಏರಬೇಕಾದ್ದು, ತಪ್ಪು ಕೈಯದೋ ತೋಟೆಯದೋ ಎಂದು ನಿಮಗೇ ತಿಳಿಯಲು ಶುರುವಾದಾಗ.

ಯಾವ ಹೆಸರಿನದು ಒಳ್ಳೆಯದು ಎಂದು ಕೇಳಿದರೆ ನಿಮ್ಮ ನಳಿಗೆಯನ್ನೇ ಕೇಳಿ ಎನ್ನಬೇಕಾಗುತ್ತದೆ. ಒಂದೇ ಮಾಡೆಲ್‌ನ ಎರಡು ಕೋವಿ ಒಂದೇ ತೋಟೆಯನ್ನು ಬೇರೆ ಬೇರೆ ರೀತಿ ಹೊಡೆಯುತ್ತವೆ. ಎರಡು ಮೂರು ಬಗೆಯ ಒಂದೊಂದು ಪೆಟ್ಟಿಗೆ ಮಾತ್ರ ತನ್ನಿ. ಪರವಾನಗಿ ಇರುವ ಶೂಟಿಂಗ್ ರೇಂಜಿನಲ್ಲಿ, ಮರಳಿನ ಚೀಲದ ಮೇಲೆ ಕೋವಿ ಇಟ್ಟು, ಪ್ರತಿಯೊಂದರಲ್ಲೂ ಹತ್ತು ಹತ್ತು ಗುಂಡಿನ ಗುಂಪು ಹೊಡೆಯಿರಿ. ಬ್ರ್ಯಾಂಡ್ ಬದಲಿಸಿದಾಗ ನಳಿಗೆಯೊಳಗೆ ಹಿಂದಿನ ತೋಟೆಯ ಮೇಣ ಅಂಟಿರುತ್ತದೆ, ಹೊಸದರ ಮೇಣ ಕೂರುವವರೆಗೆ ಮೊದಲ ಹತ್ತು ಹದಿನೈದು ಗುಂಡುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಗುಂಪಿನ ಅಗಲ ಅಳೆಯುವಾಗ ಒಂದು ಚೆಂದದ ಗುಂಪು ನೋಡಿ ಮರುಳಾಗಬೇಡಿ. ಹತ್ತರಲ್ಲಿ ಒಂಬತ್ತು ಒಂದೇ ತೂತಿನಲ್ಲಿ, ಒಂದು ಮಾತ್ರ ಆಚೆ ಎನ್ನುವ ತೋಟೆಗಿಂತ, ಹತ್ತೂ ಸ್ವಲ್ಪ ಅಗಲದ ಗುಂಪಿನಲ್ಲಿ ಉಳಿಯುವ ತೋಟೆ ಸ್ಪರ್ಧೆಗೆ ಮೇಲು. ಹೊಂದಿದ್ದು ಸಿಕ್ಕರೆ ಪೆಟ್ಟಿಗೆಯ ಮೇಲಿನ ಲಾಟ್ ನಂಬರ್ (ಒಟ್ಟಿಗೆ ತಯಾರಾದ ಕಂತಿನ ಸಂಖ್ಯೆ) ಬರೆದಿಟ್ಟುಕೊಂಡು, ನಿಮ್ಮ ಮಿತಿಯೊಳಗೆ ಅದೇ ಲಾಟ್ ಕೊಳ್ಳಿ. ಲಾಟ್ ಬದಲಾದರೆ ಹೆಸರು ಅದೇ ಇದ್ದರೂ ಕೋವಿಯ ಗುರಿ ನೋಡುವ ಸೈಟ್ ಮತ್ತೆ ಕೂರಿಸಬೇಕಾಗುತ್ತದೆ.

.315: ಆಯ್ಕೆ ಹೊಸದಕ್ಕೂ ಹಳೆಯದಕ್ಕೂ ನಡುವೆ

ಇಲ್ಲಿ ಬ್ರ್ಯಾಂಡ್ ಹುಡುಕಾಟವೇ ಇಲ್ಲ. ಸಿಗುವುದು ನಮ್ಮ ಸರ್ಕಾರಿ ಕಾರ್ಖಾನೆಯದು, ಬುಡದಲ್ಲಿ ಕೆಎಫ್ ಮುದ್ರೆ ಇರುವುದು, ಅಂದರೆ ಪುಣೆಯ ಖಡ್ಕಿ. 2021ರಲ್ಲಿ ಆರ್ಡ್‌ನೆನ್ಸ್ ಕಾರ್ಖಾನೆಗಳನ್ನು ಕಂಪನಿಗಳಾಗಿ ಒಡೆದ ಮೇಲೆ ಮದ್ದುಗುಂಡು ಮಾಡುವವು ಮ್ಯುನಿಷನ್ಸ್ ಇಂಡಿಯಾ ಎಂಬ ಹೆಸರಿನಡಿ ಬಂದಿವೆ. ಗುಂಡು 244 ಗ್ರೇನ್, ಸುಮಾರು 16 ಗ್ರಾಂ, ಮೂತಿಯಲ್ಲಿ ಸೀಸ ಕಾಣುವ ಸಾಫ್ಟ್ ನೋಸ್. ಬಡಿದಾಗ ಅರಳುವುದರಿಂದ ಪೂರ್ತಿ ಲೋಹದ ಕವಚದ ಗುಂಡಿನಷ್ಟು ಆಚೆಗೆ ತೂರಿ ಹೋಗುವುದಿಲ್ಲ. ಹಾಗೆಂದು ತೋಟದೊಳಗೆ ಅದನ್ನು ಸುರಕ್ಷಿತ ಎನ್ನಲಾಗದು. ಕಾಫಿ ಗಿಡದ ರೆಂಬೆಗೆ ತಾಗಿದರೂ ಗುಂಡಿನ ದಾರಿ ಬದಲಾಗುತ್ತದೆ, ಗುರಿ ತಪ್ಪಿದ್ದು ಕಿಲೋಮೀಟರ್‌ಗಟ್ಟಲೆ ಹೋಗುತ್ತದೆ.

ತೋಟ ಕಾಯಲು .315 ಬೇಕೇ ಎನ್ನುವುದನ್ನೂ ಇಲ್ಲೇ ಕೇಳಿಕೊಳ್ಳಬೇಕು. ಒತ್ತಾದ ಗಿಡ, ಹತ್ತಿರದ ಲೈನ್‌ಮನೆ, ಸಮತಟ್ಟು ಜಾಗ ಇರುವ ಸಣ್ಣ ಹಿಡುವಳಿಯವರು ಲೈಸೆನ್ಸ್‌ಗೆ ಅರ್ಜಿ ಹಾಕುವ ಹಂತದಲ್ಲೇ ಇದ್ದರೆ, ಚರೆಯ (ಒಂದೇ ತೋಟೆಯಲ್ಲಿರುವ ಸಣ್ಣ ಸೀಸದ ಕಾಳುಗಳ) ಹನ್ನೆರಡು ಬೋರ್ ಯೋಚಿಸುವುದು ಒಳ್ಳೆಯದು. ಚರೆ ಬೇಗ ಶಕ್ತಿ ಕಳೆದುಕೊಂಡು ಬೀಳುತ್ತದೆ. ಯಾವ ತೋಟೆ ತಂದರೂ ಅದು ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ನ್ನು ಮೀರಲು ಅನುಮತಿ ಅಲ್ಲ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆಯ ರೈತರು ಆನೆಯಿಂದ ಪಡುವ ಕಷ್ಟ ನನ್ನ ಕಣ್ಣ ಮುಂದಿನದೇ. ಆದರೂ ಆನೆಗೆ ಯಾವ ತೋಟೆ ಎಂಬ ಪ್ರಶ್ನೆಗೆ ನನ್ನ ಉತ್ತರ ಯಾವುದೂ ಅಲ್ಲ ಎಂಬುದೇ. ಕಾನೂನು ಬಿಟ್ಟು ನೋಡಿದರೂ, ಗಾಯಗೊಂಡ ಆನೆ ಮರುದಿನ ಬೆಳಗ್ಗೆ ಎದುರಾಗುವುದು ಕೆಲಸಕ್ಕೆ ನಡೆದು ಬರುವ ಹೆಂಗಸರಿಗೆ. ಅರಣ್ಯ ಇಲಾಖೆಗೆ ತಿಳಿಸುವುದೊಂದೇ ದಾರಿ.

ಹಳೆ ತೋಟೆಯ ಪ್ರಶ್ನೆ ಬಂದಾಗ ಒಂದನ್ನು ಬೆಳಕಿಗೆ ಹಿಡಿದು ನಿಧಾನಕ್ಕೆ ತಿರುಗಿಸಿ ನೋಡಿ. ಹಿತ್ತಾಳೆ ಮಸುಕಾಗಿ ಕಂದು ಬಣ್ಣಕ್ಕೆ ತಿರುಗಿದ್ದರೆ ಅದೇನೂ ದೋಷವಲ್ಲ. ಗುಂಡು ಕೋಶದೊಳಗೆ ಇಳಿಯುವ ಬಾಯಿಯ ಸುತ್ತ, ಕೇಪಿನ (ಬುಡದ ನಡುವೆ ಇರುವ, ಬಡಿದಾಗ ಕಿಡಿ ಕೊಡುವ ಬಿಲ್ಲೆಯ) ಅಂಚಿನ ಸುತ್ತ ಹಸಿರು ಪುಡಿ ಕಟ್ಟಿದ್ದರೆ ಅದು ಬೇಡ. ಒಣಬಟ್ಟೆಯಿಂದ ಒರೆಸಿದ ಮೇಲೆ ಹಸಿರಿದ್ದ ಜಾಗದಲ್ಲಿ ಸಣ್ಣ ಗುಳಿ ಉಳಿದರೆ ಲೋಹ ತಿಂದುಹೋಗಿದೆ ಎಂದರ್ಥ. ಕೋಶದ ಕೊರಳಿನಲ್ಲಿ ಕೂದಲೆಳೆಯಂಥ ಬಿರುಕು ಇದೆಯೇ, ಬೆರಳಲ್ಲಿ ಹಿಡಿದರೆ ಗುಂಡು ಅಲುಗುತ್ತದೆಯೇ ಅಥವಾ ಹೊಸದಕ್ಕಿಂತ ಒಳಕ್ಕೆ ಕುಸಿದಿದೆಯೇ, ಕೇಪು ಉಬ್ಬಿದೆಯೇ ನೋಡಿ. ಇವುಗಳಲ್ಲಿ ಒಂದಿದ್ದರೂ ಆ ತೋಟೆ ಕೋವಿಗೆ ಹೋಗಕೂಡದು. .22ರಲ್ಲಿ ಕೇಪು ಬೇರೆ ಇಲ್ಲ, ಸಿಡಿಯುವ ಮಸಾಲೆ ಬುಡದ ಅಂಚಿನೊಳಗೇ ಸುತ್ತಲೂ ಇರುತ್ತದೆ. ಹಾಗಾಗಿ ಅಂಚು ಜಜ್ಜಿಹೋಗಿದ್ದರೆ ಅದನ್ನೂ ಬೇರೆ ಇಡಿ. ಹಳೆಯ ತೋಟೆಗಳಲ್ಲಿ ಕೆಲವದರ ಕೇಪಿನ ಮಸಾಲೆ ಸಿಡಿದ ಮೇಲೆ ನಳಿಗೆಯಲ್ಲಿ ಉಪ್ಪಿನಂಶ ಬಿಡುತ್ತದೆ. ನಮ್ಮ ಆಷಾಢದ ಗಾಳಿಯಲ್ಲಿ ಅದು ನೀರು ಹೀರಿಕೊಂಡು ಬಹು ಬೇಗ ತುಕ್ಕು ಹಿಡಿಸುತ್ತದೆ. ಬರೀ ಎಣ್ಣೆಗೆ ಉಪ್ಪು ಹೋಗುವುದಿಲ್ಲ. ಬಿಸಿನೀರು ಹಾಯಿಸಿ, ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ ಹಚ್ಚಬೇಕು.

ಏರ್ ರೈಫಲ್ ಪೆಲೆಟ್

ಇದು ಸುಲಭದ ಆಯ್ಕೆ. ಹತ್ತು ಮೀಟರ್ ಸ್ಪರ್ಧೆಗೆ 4.5 ಎಂಎಂ ಚಪ್ಪಟೆ ತಲೆಯ ಪೆಲೆಟ್ ಬೇಕು. ಕಾಗದದಲ್ಲಿ ದುಂಡಗೆ ಕತ್ತರಿಸಿದಂಥ ತೂತು ಬೀಳುವುದು ಅದರಿಂದಲೇ, ಅಂಕ ಎಣಿಸಲು ಅನುಕೂಲ. ಅಭಿನವ್ ಬಿಂದ್ರಾ 2008ರಲ್ಲಿ ಚಿನ್ನ ಗೆದ್ದ ಈ ಸ್ಪರ್ಧೆಯಲ್ಲಿ ಹತ್ತರ ಗುರುತು ಅರ್ಧ ಮಿಲಿಮೀಟರ್‌ನ ಚುಕ್ಕೆ. ಚೂಪು ತಲೆಯದು ಜೋರಾಗಿ ಕಾಣುತ್ತದೆ ಎಂದು ಮಕ್ಕಳು ಕೇಳುತ್ತಾರೆ, ಕೊಡಿಸಬೇಡಿ. ಅದರ ನಿಖರತೆ ಕಡಿಮೆ. ಡಬ್ಬದ ಮೇಲೆ 4.49, 4.50 ಎಂದು ತಲೆಯ ಅಳತೆ ಬರೆದಿರುತ್ತದೆ. ಮೊದಲ ವರ್ಷ 4.50ರದ್ದು ಸಾಕು. ಕಲಿಯುವಾಗ ಭಾರತದ ಪೆಲೆಟ್, ಜಿಲ್ಲೆ ರಾಜ್ಯ ಮಟ್ಟಕ್ಕೆ ಹೋಗುವಾಗ ಎಚ್ ಅಂಡ್ ಎನ್ ಅಥವಾ ಆರ್‌ಡಬ್ಲ್ಯೂಎಸ್. ಪೆಲೆಟ್ ಸೀಸದ್ದು, ಬಾಯಲ್ಲಿ ಕಚ್ಚಿ ಹಿಡಿಯುವ ಅಭ್ಯಾಸವನ್ನು ಮೊದಲ ದಿನವೇ ಬಿಡಿಸಿ, ಮುಗಿದ ಮೇಲೆ ಸೋಪಿನಲ್ಲಿ ಕೈ ತೊಳೆಸಿ. ಲೈಸೆನ್ಸ್ ಬೇಡ ಎಂಬ ಕಾರಣಕ್ಕೆ ಮಂಗ, ನವಿಲಿನ ಮೇಲೆ ಪ್ರಯೋಗ ಮಾಡುವುದು ಅಪರಾಧ. ಕಣ್ಣು ಕಳೆದುಕೊಂಡ ಪ್ರಾಣಿ ಸಾಯದೆ ವಾರಗಟ್ಟಲೆ ನರಳುತ್ತದೆ.

ನಮ್ಮ ಮಳೆಯಲ್ಲಿ ಇಡುವುದು ಹೇಗೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಊರು ನಮ್ಮದು. ಒಳ್ಳೆಯ ತೋಟೆ ಆರಿಸಿ ತಂದು ಕೆಟ್ಟದಾಗಿ ಇಟ್ಟರೆ ಆರಿಸಿದ್ದಕ್ಕೆ ಅರ್ಥವೇ ಇಲ್ಲ. ಹಿಂದಿನವರು ತೋಟೆಯನ್ನು ಒಲೆಯ ಮೇಲಿನ ಅಟ್ಟದಲ್ಲಿ, ಕೊಬ್ಬರಿ ಅಡಿಕೆಯ ಪಕ್ಕ ಇಡುತ್ತಿದ್ದರು. ತೇವ ತಗಲುವುದಿಲ್ಲ ನಿಜ, ಆದರೆ ದಿನವೂ ಏರಿಳಿಯುವ ಆ ಕಾವು ಮದ್ದನ್ನು ಕೆಡಿಸುತ್ತದೆ. ಬಿಸಿಲಿಗೆ ಹರವುವುದೂ ಬೇಡ. ರಬ್ಬರ್ ಅಂಚಿನ ಬಿಗಿ ಡಬ್ಬ, ಒಳಗೆ ಸಿಲಿಕಾ ಜೆಲ್, ತಂಪಾದ ಒಳಕೋಣೆ, ಬೀಗ ಇಷ್ಟು ಸಾಕು. ಜೆಲ್ ಬಣ್ಣ ತಿರುಗಿದಾಗ ಬದಲಿಸಿ. ಕೋವಿಗೆ ಒಂದು ಬೀಗ, ತೋಟೆಗೆ ಇನ್ನೊಂದು, ಎರಡರ ಕೀಲಿಕೈ ಒಂದೇ ಗೊಂಚಲಿನಲ್ಲಿ ಬೇಡ. ತುಕ್ಕು ಬರದಿರಲಿ ಎಂದು ತೋಟೆಗೆ ಎಣ್ಣೆ ಸ್ಪ್ರೇ ಹೊಡೆಯುವವರಿದ್ದಾರೆ. ಆ ಎಣ್ಣೆ ಕೇಪಿನ ಸಂದಿಯಿಂದ ಒಳಗಿಳಿದು ಮಸಾಲೆಯನ್ನೇ ಸಾಯಿಸುತ್ತದೆ. ಚರ್ಮದ ಪಟ್ಟಿಯ ಕುಣಿಕೆಯಲ್ಲಿ ಸಿಕ್ಕಿಸಿ ತಿಂಗಳುಗಟ್ಟಲೆ ಗೂಟಕ್ಕೆ ನೇತುಹಾಕಿದ ತೋಟೆಗೆ ಹಸಿರು ಹಿಡಿಯುವುದು ಚರ್ಮ ತಾಗಿದ ಜಾಗದಲ್ಲೇ.

ತೇವ ತಿಂದ ತೋಟೆ ಎರಡು ರೀತಿ ಕೈಕೊಡುತ್ತದೆ. ಒಂದು, ಕುದುರೆ (ತೋಟೆಗೆ ಬಡಿಯುವ ಭಾಗ) ಬಿದ್ದರೂ ಸಿಡಿಯದಿರುವುದು. ಆಗ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಮೂವತ್ತು ಸೆಕೆಂಡಾದರೂ ಕಾಯಿರಿ, ತಡವಾಗಿ ಸಿಡಿಯುವುದುಂಟು. ಆಮೇಲೇ ಬೋಲ್ಟು ತೆಗೆಯಿರಿ. ಇನ್ನೊಂದು ಇದಕ್ಕಿಂತ ಕೆಟ್ಟದ್ದು: "ಢಮ್" ಎನ್ನುವ ಬದಲು "ಟುಸ್" ಎಂದು ಸಣ್ಣ ಸದ್ದು, ಭುಜಕ್ಕೆ ಒದೆತವೇ ಇಲ್ಲ. ಗುಂಡು ನಳಿಗೆಯ ನಡುವೆ ನಿಂತಿರಬಹುದು. ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆ ಉಬ್ಬುತ್ತದೆ ಅಥವಾ ಒಡೆಯುತ್ತದೆ. ಕೋವಿ ಖಾಲಿ ಮಾಡಿ, ಬೋಲ್ಟು ಕಳಚಿ, ಹಿಂದಿನಿಂದ ಬೆಳಕು ಕಾಣುತ್ತದೆಯೇ ನೋಡದೆ ಮುಂದಿನ ತೋಟೆ ಮುಟ್ಟಬೇಡಿ.

ಇನ್ನು ದುಡ್ಡಿನ ಲೆಕ್ಕ. ತೋಟ ಕಾಯುವ .315ಗೆ ವರ್ಷಕ್ಕೆ ಬೇಕಾಗುವುದು ಬೆರಳೆಣಿಕೆಯಷ್ಟು. ಮಿತಿ ಇದೆ ಎಂದು ಪೂರ್ತಿ ತಂದು ಕೂಡಿಡುವುದಕ್ಕಿಂತ, ಮಳೆ ಮುಗಿದ ಮೇಲೆ ಸ್ವಲ್ಪ ಹೊಸದು ತಂದು ಹಳೆಯದನ್ನು ರೇಂಜಿನಲ್ಲಿ ಮುಗಿಸುವುದು ಒಳ್ಳೆಯದು. ಆಗಾಗ ಅಭ್ಯಾಸ ಮಾಡುವ .22ಯವರು ಇದಕ್ಕೆ ವಿರುದ್ಧ, ಸ್ಟ್ಯಾಂಡರ್ಡ್ ವೆಲಾಸಿಟಿಯ ಒಂದೇ ಲಾಟ್ ಹಿಡಿದು ಮಿತಿಯೊಳಗೆ ಹೆಚ್ಚು ಕೊಳ್ಳಲಿ. ಅಪರೂಪಕ್ಕೆ ಹೊಡೆಯುವವರು ಅಗ್ಗದ್ದು, ಹೊಸದು ನೋಡಿ ಒಂದು ಪೆಟ್ಟಿಗೆ ತಂದರೆ ಸಾಕು. ಉಳಿದ ದುಡ್ಡನ್ನು ಕಿವಿಯ ಮಫ್ ಮತ್ತು ಕನ್ನಡಕಕ್ಕೆ ಹಾಕಲಿ.

ಅಜ್ಜನ ಕಾಲದ ಇಂಗ್ಲಿಷ್ ರೈಫಲ್ ಪಿತ್ರಾರ್ಜಿತವಾಗಿ ಬಂದವರು ತೋಟೆ ಹುಡುಕುವ ಮುಂಚೆ ನಳಿಗೆಯ ಬುಡದಲ್ಲಿ ಎನ್‌ಪಿ ಅಕ್ಷರ ಇದೆಯೇ ಎಂದು ಬಂದೂಕು ರಿಪೇರಿಯವರಿಂದ ನೋಡಿಸಲಿ. ಅದು ಈಗಿನ ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆ ಆಗಿದೆ ಎಂಬ ಗುರುತು. ಹಿರಿಯರು ತೀರಿಕೊಂಡು ಲೈಸೆನ್ಸ್ ಇನ್ನೂ ನಿಮ್ಮ ಹೆಸರಿಗೆ ಆಗಿಲ್ಲವಾದರೆ ಕೋವಿಯ ಜತೆ ತೋಟೆಯನ್ನೂ ಪೊಲೀಸ್ ಠಾಣೆಗೋ ಪರವಾನಗಿ ಇರುವ ವ್ಯಾಪಾರಿಗೋ ಒಪ್ಪಿಸಿ, ಎಣಿಸಿ ಬರೆದ ರಸೀದಿ ಪಡೆದು, ಜಿಲ್ಲಾಧಿಕಾರಿಗಳ ಕಚೇರಿಗೆ ವಾರಸುದಾರರಾಗಿ ಅರ್ಜಿ ಹಾಕಿ. ಕೆಟ್ಟ ತೋಟೆಗಳನ್ನೂ ಅಲ್ಲಿಗೇ ಕೊಡಿ. ಬಾವಿಗೆ ಎಸೆಯುವುದು, ಹೂಳುವುದು, ಒಡೆದು ಮದ್ದು ತೆಗೆಯುವುದು ಯಾವುದೂ ಬೇಡ.